ಮನೆಯಲ್ಲೇ ಫ್ರೀಜ್ ಡ್ರೈ: ಕಡಿಮೆ ಖರ್ಚಿನಲ್ಲಿ ಯಾವುದು ಆಗುತ್ತದೆ, ಯಾವುದು ಬರೀ ಗೋಳು

ಫ್ರೀಜರಿನಲ್ಲಿ ಐಸ್ ಟ್ರೇ ಇಟ್ಟು ಒಂದೆರಡು ತಿಂಗಳು ಮರೆತುಬಿಡಿ. ಆಮೇಲೆ ತೆಗೆದು ನೋಡಿದರೆ ಐಸ್ ತುಂಡುಗಳು ಕುಗ್ಗಿರುತ್ತವೆ. ಕರಗಿಲ್ಲ, ಯಾರೂ ಮುಟ್ಟಿಲ್ಲ. ಐಸು ನೀರಾಗದೆ ಸೀದಾ ಆವಿಯಾಗಿ ಹೋಗಿದೆ. ಫ್ರೀಜ್ ಡ್ರೈ ಅಂದರೆ ಮೂಲದಲ್ಲಿ ಇಷ್ಟೇ. ಹಣ್ಣನ್ನೋ ತರಕಾರಿಯನ್ನೋ ಗಟ್ಟಿಯಾಗಿ ಹೆಪ್ಪುಗಟ್ಟಿಸಿ, ಒಳಗಿನ ಐಸನ್ನು ಹೀಗೆ ಆವಿ ಮಾಡಿ ಹೊರಗೆ ಕಳಿಸುವುದು.

ಇದನ್ನು ಕೇಳಿದ ಕೂಡಲೇ ಎಲ್ಲರಿಗೂ ಹೊಳೆಯುವ ಮಾತು ಒಂದೇ. ಹಾಗಾದರೆ ನಮ್ಮ ಮನೆ ಫ್ರೀಜರಿನಲ್ಲೇ ಮಾಡಬಹುದಲ್ವಾ? ನನಗೂ ಹಾಗೇ ಹೊಳೆಯಿತು. ಸೇಬಿನ ಹೋಳು ಹರಡಿಟ್ಟು, ದಿನಕ್ಕೆ ನಾಲ್ಕು ಸಲ ಬಾಗಿಲು ತೆಗೆದು ಇಣುಕುತ್ತಿದ್ದ ಆ ಐದು ವಾರವನ್ನು ಮನೆಯವರು ಇನ್ನೂ ಆಡಿಕೊಳ್ಳುತ್ತಾರೆ. ಅಲ್ಲಿಂದ ಶುರುವಾಗಿ ಡ್ರೈ ಐಸ್, ಪಂಪು, ಪಾತ್ರೆ ಅಂತ ಒಂದೊಂದನ್ನೇ ನೋಡಿದೆ, ಕೂತು ಲೆಕ್ಕ ಹಾಕಿದೆ, ಒಂದೆರಡು ಕಡೆ ಪೆಟ್ಟೂ ತಿಂದೆ. ನನಗೆ ತಿಳಿದದ್ದು ಇದು. ಫ್ರೀಜ್ ಡ್ರೈ ಮಾಡಲು ಅಗ್ಗದ ದಾರಿ ಇದೆ, ಬೇಗದ ದಾರಿಯೂ ಇದೆ, ಆದರೆ ಅವೆರಡೂ ಬೇರೆ ಬೇರೆ. ಎರಡರ ನಡುವೆ ಸಿಗುವ ಉಪಾಯಗಳಲ್ಲಿ ಹೆಚ್ಚಿನವು ದುಡ್ಡನ್ನೂ ತಿನ್ನುತ್ತವೆ, ಸಮಯವನ್ನೂ ತಿನ್ನುತ್ತವೆ.

ನಿಮಗೆ ಬೇಕಿರುವುದು ಫ್ರೀಜ್ ಡ್ರೈಯೇನಾ?

ದುಡ್ಡಿನ ಮಾತಿಗೆ ಮೊದಲು ಇದನ್ನು ನೋಡಿಕೊಳ್ಳಬೇಕು. ಏಕೆಂದರೆ "ಫ್ರೀಜ್ ಡ್ರೈ ಬೇಕು" ಅನ್ನುವವರಲ್ಲಿ ಬಹಳ ಜನಕ್ಕೆ ನಿಜವಾಗಿ ಬೇಕಿರುವುದು ಒಣಗಿದ ತರಕಾರಿ, ಅಷ್ಟೇ. ಅದಕ್ಕೆ ಡಿಹೈಡ್ರೇಟರ್, ಅಂದರೆ ಬಿಸಿಗಾಳಿ ಬೀಸಿ ಒಣಗಿಸುವ ಪೆಟ್ಟಿಗೆ, ಧಾರಾಳವಾಗಿ ಸಾಕು.

ಎರಡರ ವ್ಯತ್ಯಾಸ ಕಚ್ಚಿ ನೋಡಿದರೆ ಗೊತ್ತಾಗುತ್ತದೆ. ಬಿಸಿಗಾಳಿಯಲ್ಲಿ ಒಣಗಿದ ಸ್ಟ್ರಾಬೆರಿ ಸುಕ್ಕುಗಟ್ಟಿ, ಬಣ್ಣ ಕಪ್ಪಾಗಿ, ಜಗಿಯಲು ಎಳೆಎಳೆಯಾಗಿರುತ್ತದೆ. ಫ್ರೀಜ್ ಡ್ರೈ ಆದದ್ದು ಹೊರಗಿನಿಂದ ತಾಜಾ ಹಣ್ಣಿನ ಹಾಗೇ ಕಾಣುತ್ತದೆ. ಬಾಯಿಗೆ ಹಾಕಿದರೆ ಗರಿಗರಿ, ಮರುಕ್ಷಣ ಕರಗುತ್ತದೆ. ಕಾರಣ ಸರಳ. ಐಸ್ ಇದ್ದ ಜಾಗ ಖಾಲಿಯಾಗಿ ಹಾಗೇ ಉಳಿದುಬಿಡುತ್ತದೆ, ಒಳಗೆಲ್ಲಾ ಸಣ್ಣ ಸಣ್ಣ ತೂತು. ಬಿಸಿಗಾಳಿಯಲ್ಲಾದರೆ ನೀರು ಹೋದ ಹಾಗೆಲ್ಲ ಹಣ್ಣು ಕುಸಿಯುತ್ತಾ ಹೋಗುತ್ತದೆ. ಈ ತೂತುಗಳಿಂದಲೇ ಫ್ರೀಜ್ ಡ್ರೈ ಆದ ಪದಾರ್ಥ ನೀರು ಹಾಕಿದ ಕೆಲವೇ ನಿಮಿಷದಲ್ಲಿ ಮೊದಲಿನಂತಾಗುತ್ತದೆ. ಡಿಹೈಡ್ರೇಟರಿನ ಕ್ಯಾರೆಟ್ ಅರ್ಧ ಗಂಟೆ ನೆನೆದರೂ ಒಳಗೆ ಸ್ವಲ್ಪ ರಬ್ಬರು ರಬ್ಬರೇ.

ನೀರಿನ ಲೆಕ್ಕದಲ್ಲೂ ವ್ಯತ್ಯಾಸ ಇದೆ. ಚೆನ್ನಾಗಿ ಫ್ರೀಜ್ ಡ್ರೈ ಮಾಡಿದರೆ ಶೇಕಡಾ 98ರಿಂದ 99ರಷ್ಟು ನೀರು ಹೋಗುತ್ತದೆ. ಡಿಹೈಡ್ರೇಟರಿನಲ್ಲಿ ಸಾಮಾನ್ಯವಾಗಿ 80ರಿಂದ 95. ಹಾಗಾಗಿ ವರ್ಷಗಟ್ಟಲೆ ಇಡುವುದಾದರೆ ಫ್ರೀಜ್ ಡ್ರೈ ಗೆಲ್ಲುತ್ತದೆ. ಬಿಸಿ ಕಡಿಮೆ ತಗಲುವುದರಿಂದ ಸಿ ವಿಟಮಿನ್, ಬಣ್ಣ, ಪರಿಮಳವೂ ಹೆಚ್ಚು ಉಳಿಯುತ್ತವೆ.

ಆದರೆ ಒಂದು ವಿಷಯ ಯಾರೂ ಮೊದಲೇ ಹೇಳುವುದಿಲ್ಲ. ತೂಕ ಇಳಿದರೂ ಗಾತ್ರ ಇಳಿಯುವುದಿಲ್ಲ. ಒಂದು ಕಿಲೋ ಸ್ಟ್ರಾಬೆರಿ ಒಣಗಿ ಸುಮಾರು 100 ಗ್ರಾಂ ಆಗುತ್ತದೆ, ಆದರೆ ಜಾಗ ಮಾತ್ರ ಒಂದು ಕಿಲೋದ್ದೇ ಬೇಕು. ಡಿಹೈಡ್ರೇಟರಿನಲ್ಲಿ ಒಣಗಿಸಿದರೆ ಅದೇ ಹಣ್ಣು ಒಂದು ಚಿಕ್ಕ ಬಾಟಲಿಗೆ ಇಳಿಯುತ್ತದೆ. ಚಿಕ್ಕ ಅಡುಗೆಮನೆ ಇದ್ದವರು ಇದನ್ನು ಯೋಚಿಸಲೇಬೇಕು.

ಇಡೀ ಊಟ ಒಣಗಿಸಿಡಬೇಕು, ಹಾಲು, ಮೊಸರು, ಮೊಟ್ಟೆ ಪುಡಿ ಮಾಡಬೇಕು, ಮಕ್ಕಳಿಗೆ ಗರಿಗರಿ ಹಣ್ಣು ಬೇಕು, ಬೆನ್ನ ಮೇಲೆ ಹೊತ್ತು ಬೆಟ್ಟ ಹತ್ತಲು ಹಗುರ ಊಟ ಬೇಕು ಅನ್ನುವವರಿಗೆ ಫ್ರೀಜ್ ಡ್ರೈ ಸರಿ. ಸಾರಿಗೆ, ಸೂಪಿಗೆ ಹಾಕಲು ಒಣ ತರಕಾರಿ, ಸೊಪ್ಪು, ಟೊಮೆಟೊ, ತಿನ್ನಲು ಒಣ ಹಣ್ಣು ಇಷ್ಟೇ ಆದರೆ ನೇರವಾಗಿ ಕೆಳಗೆ ಡಿಹೈಡ್ರೇಟರಿನ ಭಾಗಕ್ಕೆ ಹೋಗಿ. ಬೇಜಾರಿಲ್ಲ.

ಮನೆ ಫ್ರೀಜರ್: ಖರ್ಚು ಇಲ್ಲ, ತಾಳ್ಮೆ ಬೇಕು

ಇದಕ್ಕೆ ಹೊಸದಾಗಿ ಏನೂ ಕೊಳ್ಳಬೇಕಿಲ್ಲ. ಫ್ರೀಜರಿನ ಗಾಳಿ ಒಣಗಿದ್ದರೆ ಐಸ್ ತಾನಾಗಿ ಆವಿಯಾಗುತ್ತದೆ. ಒಳಗೆ ಫ್ಯಾನ್ ತಿರುಗುವ, ತಾನೇ ಹಿಮ ಕರಗಿಸಿಕೊಳ್ಳುವ ಫ್ರಾಸ್ಟ್ ಫ್ರೀ ಫ್ರೀಜರ್ ಇದಕ್ಕೆ ಒಳ್ಳೆಯದು. ಅದು ಒಳಗಿನ ತೇವವನ್ನು ಹೊರಹಾಕುತ್ತಲೇ ಇರುತ್ತದೆ. ಗೋಡೆಗೆಲ್ಲ ಹಿಮ ಕಟ್ಟುವ ಹಳೆಯ ಬಗೆಯದರಲ್ಲಿ ಇನ್ನೂ ನಿಧಾನ.

ಹೋಳು ತೆಳ್ಳಗಿರಬೇಕು. ಮೂರು ನಾಲ್ಕು ಮಿಲಿಮೀಟರ್ ದಾಟಿದರೆ ನಿಮ್ಮ ಹಣೆಬರಹ. ಜಾಲರಿಯ ಮೇಲೆ ಒಂದಕ್ಕೊಂದು ತಾಗದ ಹಾಗೆ ಹರಡಿ, ಮುಚ್ಚದೆ ಇಡಿ. ಪಕ್ಕದಲ್ಲಿ ಮೀನು, ಮಾಂಸ ಇದ್ದರೆ ಅದರ ವಾಸನೆ ಹಣ್ಣಿಗೆ ಹತ್ತುತ್ತದೆ, ಆ ಮೀನು, ಮಾಂಸವನ್ನು ಗಟ್ಟಿಯಾಗಿ ಮುಚ್ಚಿಡಿ. ಆಮೇಲೆ ಕಾಯಿರಿ. ಸೊಪ್ಪಿನ ಎಲೆಗಳಿಗೆ ವಾರವೋ ಎರಡು ವಾರವೋ ಸಾಕು. ಸೇಬು, ಆಲೂಗಡ್ಡೆಗೆ ಹಲವು ವಾರ. ಒಣಗಿದೆಯೋ ಇಲ್ಲವೋ ನೋಡಲು ಒಂದು ಹೋಳು ಹೊರಗೆ ತೆಗೆದಿಡಿ. ಮಂಜು ಬಿಟ್ಟ ಮೇಲೆ ಮೆತ್ತಗಾಗಿ ಕಪ್ಪಾದರೆ ಒಳಗೆ ಇನ್ನೂ ನೀರಿದೆ.

ಸಿಹಿ ಹಣ್ಣುಗಳಲ್ಲಿ ಇನ್ನೊಂದು ತೊಂದರೆ. ಮನೆ ಫ್ರೀಜರ್ ಮೈನಸ್ 18 ಡಿಗ್ರಿ ಆಸುಪಾಸು ಇರುತ್ತದೆ. ಸಕ್ಕರೆ ಜಾಸ್ತಿ ಇರುವ ರಸ ಆ ತಂಪಿಗೆ ಪೂರ್ತಿ ಗಟ್ಟಿಯಾಗುವುದೇ ಇಲ್ಲ, ನಡುನಡುವೆ ಅಂಟಂಟು ಪಾಕ ಉಳಿದಿರುತ್ತದೆ. ಪಾಕ ಇದ್ದ ಕಡೆ ತೂತು ನಿಲ್ಲುವುದಿಲ್ಲ. ಅದಕ್ಕೇ ನನ್ನ ಬಾಳೆಹಣ್ಣು ಗರಿಗರಿಯಾಗುವ ಬದಲು ಚಪ್ಪಲಿ ತೊಗಲಿನ ಹಾಗಾಯಿತು. ಸೇಬು ಪರವಾಗಿಲ್ಲ ಅನ್ನುವ ಹಾಗಿತ್ತು.

ಹೋಳುಗಳ ಕೆಳಗೆ ಸಿಲಿಕಾ ಜೆಲ್ ಇಟ್ಟು ಡಬ್ಬಿ ಮುಚ್ಚಿಡುವವರೂ ಇದ್ದಾರೆ. ಅದು ಆವಿಯನ್ನು ಹೀರಿಕೊಳ್ಳುವುದು ನಿಜ, ಸ್ವಲ್ಪ ಬೇಗವೂ ಆಗಬಹುದು. ಆಹಾರಕ್ಕೆ ಅಂತಲೇ ಬರುವ ಜೆಲ್ ಆಗಿರಬೇಕು, ಹಣ್ಣಿಗೆ ತಾಗಬಾರದು. ಆದರೂ ವಾರಗಳ ಕೆಲಸ ಗಂಟೆಗಳಿಗೆ ಇಳಿಯುವುದಿಲ್ಲ.

ನನ್ನ ಮಟ್ಟಿಗೆ ಈ ದಾರಿ ಅಡುಗೆಗೆ ಹಾಕುವ ಎಲೆಗಳಿಗೆ ಮಾತ್ರ. ಬಿಸಿಗಾಳಿಯಲ್ಲಿ ಹಾರಿಹೋಗುವ ಪರಿಮಳ ಇಲ್ಲಿ ಉಳಿಯುತ್ತದೆ, ಹಸಿರು ಹಸಿರಾಗೇ ಇರುತ್ತದೆ. ಈಗಲೂ ಮಾಡುತ್ತೇನೆ. ವರ್ಷಕ್ಕಾಗುವಷ್ಟು ಹಣ್ಣು ಹೀಗೆ ಒಣಗಿಸುತ್ತೇನೆ ಅಂದರೆ, ಫ್ರೀಜರಿನ ಜಾಗಕ್ಕೇ ಬಾಡಿಗೆ ಕಟ್ಟಿದ ಹಾಗಾಗುತ್ತದೆ.

ಡ್ರೈ ಐಸ್: ಕೇಳಲು ಚೆಂದ

"ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಹಣ್ಣು ಇಟ್ಟು ಮೇಲೆ ಡ್ರೈ ಐಸ್ ಹಾಕಿ, 24 ಗಂಟೆಯಲ್ಲಿ ಫ್ರೀಜ್ ಡ್ರೈ ರೆಡಿ." ಈ ಮಾತನ್ನು ನೀವೂ ಕೇಳಿರುತ್ತೀರಿ. ಇದರಲ್ಲಿ ಫ್ರೀಜ್ ಇದೆ, ಡ್ರೈ ಇಲ್ಲ.

ಡ್ರೈ ಐಸ್ ಅಂದರೆ ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್. ಮೈನಸ್ 78.5 ಡಿಗ್ರಿ. ಹಣ್ಣಿನೊಳಗಿನ ನೀರಿನ ಐಸ್ ಅಷ್ಟು ತಂಪಾದರೆ ಅದಕ್ಕೆ ಆವಿಯಾಗುವ ಶಕ್ತಿಯೇ ಇರುವುದಿಲ್ಲ. ಮೈನಸ್ 18ರಲ್ಲಿ ಐಸಿನ ಆವಿಯ ಒತ್ತಡ, ಅಂದರೆ ಐಸ್ ಆವಿಯಾಗಿ ಹೊರಡಲು ಒತ್ತುವ ಬಲ, ಸುಮಾರು 125 ಪ್ಯಾಸ್ಕಲ್. ಮೈನಸ್ 78ಕ್ಕೆ ಬಂದರೆ ಅದರ ಸಾವಿರದಲ್ಲಿ ಒಂದು ಪಾಲೂ ಉಳಿಯುವುದಿಲ್ಲ. ಅಂದರೆ ಡ್ರೈ ಐಸ್ ಪಕ್ಕದಲ್ಲಿಟ್ಟ ಹಣ್ಣು ಸಾಮಾನ್ಯ ಫ್ರೀಜರಿನಲ್ಲಿ ಇಟ್ಟದ್ದಕ್ಕಿಂತ ನಿಧಾನವಾಗಿ ಒಣಗುತ್ತದೆ! ಬೇಗ ಹೆಪ್ಪುಗಟ್ಟುವುದು ಮಾತ್ರ ನಿಜ.

ಮೇಲಿಂದ ಅಪಾಯ ಬೇರೆ. ಬರಿಗೈಲಿ ಮುಟ್ಟಿದರೆ ಚರ್ಮ ಸುಟ್ಟ ಹಾಗೆ ಗಾಯವಾಗುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಟ್ಟರೆ ಒತ್ತಡ ಏರಿ ಸಿಡಿಯುತ್ತದೆ. ಮುಚ್ಚಿದ ಕೋಣೆಯಲ್ಲೋ ಕಾರಿನಲ್ಲೋ ಇಟ್ಟರೆ ಅನಿಲ ತುಂಬಿ ಉಸಿರು ಕಟ್ಟುತ್ತದೆ.

ಪಂಪು, ಪಾತ್ರೆ, ನಾವೇ ಜೋಡಿಸುವುದು

ಕೈಯಲ್ಲಿ ಸ್ಪ್ಯಾನರ್ ಹಿಡಿಯಲು ಇಷ್ಟ ಇರುವವರೆಲ್ಲ ಬಂದು ಸಿಕ್ಕಿಕೊಳ್ಳುವುದು ಇಲ್ಲಿ. ನಾನೂ ಸಿಕ್ಕಿಕೊಂಡೆ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹೆಪ್ಪುಗಟ್ಟಿದ ಹಣ್ಣನ್ನು ಗಟ್ಟಿ ಪಾತ್ರೆಯಲ್ಲಿಟ್ಟು, ಪಂಪಿನಿಂದ ಒಳಗಿನ ಗಾಳಿ ಎಳೆದುಬಿಟ್ಟರೆ ಐಸ್ ಬೇಗ ಆವಿಯಾಗುತ್ತದೆ ಅನ್ನುವುದು ಇಲ್ಲಿನ ಉಪಾಯ.

ನೀರು ದ್ರವವಾಗಿ ಇರಬೇಕಾದರೆ ಸುತ್ತ ಕನಿಷ್ಠ 6.1 ಮಿಲಿಬಾರ್ ಒತ್ತಡ ಬೇಕು. ಅದಕ್ಕಿಂತ ಕೆಳಗೆ ಐಸ್ ಕರಗುವ ಪ್ರಶ್ನೆಯೇ ಇಲ್ಲ, ಬಿಸಿ ಕೊಟ್ಟರೆ ಸೀದಾ ಆವಿ. ನಮ್ಮ ಸುತ್ತ ಇರುವ ಗಾಳಿಯ ಒತ್ತಡ ಸಮುದ್ರ ಮಟ್ಟದಲ್ಲಿ 1013 ಮಿಲಿಬಾರ್. ಎವರೆಸ್ಟ್ ತುದಿಯಲ್ಲಿ ಅದರ ಮೂರರಲ್ಲೊಂದು ಪಾಲು. 6 ಮಿಲಿಬಾರ್ ಬೇಕೆಂದರೆ ಮಂಗಳ ಗ್ರಹಕ್ಕೇ ಹೋಗಬೇಕು, ಅಲ್ಲಿನ ಸರಾಸರಿ ಒತ್ತಡ ಅಷ್ಟು. ಕೆಲಸ ಚುರುಕಾಗಿ ನಡೆಯಬೇಕಾದರೆ 1 ಮಿಲಿಬಾರಿಗಿಂತಲೂ ಕೆಳಗೆ ಇಳಿಸಬೇಕು. ಚೀಲ ಸೀಲ್ ಮಾಡುವ ಅಡುಗೆಮನೆಯ ವ್ಯಾಕ್ಯೂಮ್ ಸೀಲರ್ ಇದರ ಹತ್ತಿರಕ್ಕೂ ಬರುವುದಿಲ್ಲ. ಕೈಪಂಪಂತೂ ಬೇಡವೇ ಬೇಡ.

ಏಸಿ ರಿಪೇರಿಯವರು ಬಳಸುವ ಎರಡು ಹಂತದ ವ್ಯಾಕ್ಯೂಮ್ ಪಂಪ್ ಈ ಮಟ್ಟಕ್ಕೆ ಇಳಿಯುತ್ತದೆ. ತೀರಾ ದುಬಾರಿಯೂ ಅಲ್ಲ. ಹಾಗಾದರೆ ಪಂಪ್, ಪಾತ್ರೆ, ಪೈಪ್ ಸಾಕಲ್ವಾ? ಸಾಲದು. ಈ ಲೆಕ್ಕ ನೋಡಿ. ಒಂದು ಗ್ರಾಂ ಐಸ್, ಮೈನಸ್ 20 ಡಿಗ್ರಿಯಲ್ಲಿ 1 ಮಿಲಿಬಾರ್ ಒತ್ತಡದಲ್ಲಿ ಆವಿಯಾದರೆ ಅದರ ಗಾತ್ರ 1,100 ಲೀಟರಿಗೂ ಜಾಸ್ತಿ. ಒಂದೇ ಗ್ರಾಂ! ನಿಮ್ಮ ಪಂಪ್ ನಿಮಿಷಕ್ಕೆ 100 ಲೀಟರ್ ಎಳೆಯುತ್ತದೆ ಅಂದುಕೊಳ್ಳಿ. ಒಂದು ಗ್ರಾಂ ಎಳೆಯಲು 11 ನಿಮಿಷ ದಾಟುತ್ತದೆ. ಒಂದು ಕಿಲೋ ನೀರಿಗೆ ಎಂಟು ದಿನ, ಹಗಲೂ ರಾತ್ರಿ, ಅದೂ ಪಂಪ್ ಪೂರ್ತಿ ಶಕ್ತಿಯಲ್ಲಿ ಎಳೆದರೆ. ಆ ಹೊತ್ತಿಗೆ ನೀರಾವಿ ಪಂಪಿನ ಎಣ್ಣೆಗೆ ಸೇರಿ, ಎಣ್ಣೆ ಹಾಲಿನ ಹಾಗೆ ಬೆಳ್ಳಗಾಗಿ, ಪಂಪೇ ಕೆಟ್ಟಿರುತ್ತದೆ. ನನ್ನದು ಮೂರನೇ ದಿನಕ್ಕೆ ಹಾಗಾಯಿತು. ಎಣ್ಣೆ ಬದಲಿಸಿದೆ, ಮತ್ತೆ ಹಾಗೇ ಆಯಿತು.

ಅದಕ್ಕೇ ಪಾತ್ರೆಗೂ ಪಂಪಿಗೂ ನಡುವೆ ಆವಿಯನ್ನು ಹಿಡಿದು ಮತ್ತೆ ಐಸ್ ಮಾಡುವ ಒಂದು ಅತಿ ತಂಪಾದ ಜಾಗ ಬೇಕು. ಕೋಲ್ಡ್ ಟ್ರ್ಯಾಪ್ ಅನ್ನುತ್ತಾರೆ. ಅದು ಆಹಾರಕ್ಕಿಂತ ತುಂಬಾ ತಂಪಾಗಿರಬೇಕು, ಮೈನಸ್ 40, 50 ಡಿಗ್ರಿ. ಮನೆ ಫ್ರೀಜರ್ ಅಷ್ಟು ಇಳಿಯುವುದಿಲ್ಲ. ಡ್ರೈ ಐಸಿಗೆ ನಿಜವಾದ ಕೆಲಸ ಇರುವುದು ಇಲ್ಲಿ. ಆದರೆ ಇಲ್ಲೂ ಲೆಕ್ಕ ಬಿಡುವುದಿಲ್ಲ. ಒಂದು ಕಿಲೋ ಆವಿ ಐಸಾಗುವಾಗ ಸುಮಾರು 2,834 ಕಿಲೋಜೂಲ್ ಶಾಖ ಬಿಡುತ್ತದೆ. ಒಂದು ಕಿಲೋ ಡ್ರೈ ಐಸ್ ಆವಿಯಾಗುವಾಗ ಹೀರುವುದು ಸುಮಾರು 571. ಅಂದರೆ ಒಂದು ಕಿಲೋ ನೀರು ತೆಗೆಯಲು ಏನಿಲ್ಲವೆಂದರೂ 5 ಕಿಲೋ ಡ್ರೈ ಐಸ್. ಸೋರಿಕೆ ಸೇರಿಸಿದರೆ ಇನ್ನೂ ಹೆಚ್ಚು. ಪ್ರತಿ ಸಲವೂ ಕೊಳ್ಳಬೇಕು.

ಇಷ್ಟಾದ ಮೇಲೆ ಬಿಸಿಯೂ ಬೇಕು. ವಿಚಿತ್ರ ಅನ್ನಿಸಬಹುದು, ಆದರೆ ಐಸ್ ಆವಿಯಾಗುತ್ತಾ ತನ್ನನ್ನು ತಾನೇ ತಂಪು ಮಾಡಿಕೊಳ್ಳುತ್ತದೆ. ಸುತ್ತ ಗಾಳಿ ಇಲ್ಲವಾದ್ದರಿಂದ ಹೊರಗಿನ ಬಿಸಿ ಅದಕ್ಕೆ ಮುಟ್ಟುವುದಿಲ್ಲ. ಟ್ರೇ ಕೆಳಗೆ ಹದವಾಗಿ ಬಿಸಿ ಕೊಡದಿದ್ದರೆ ಕೆಲಸ ನಿಂತೇ ಹೋಗುತ್ತದೆ. ಜಾಸ್ತಿ ಕೊಟ್ಟರೆ ಒಳಗೆ ಕರಗಿ, ನೊರೆ ಬಂದು, ಟ್ರೇಗೆ ಅಂಟಿಕೊಳ್ಳುತ್ತದೆ. ಹೀಟರ್, ಉಷ್ಣತೆ ಅಳೆಯುವ ಸೆನ್ಸರ್, ಒತ್ತಡದ ಮೀಟರ್, ಇವನ್ನೆಲ್ಲ ನೋಡಿಕೊಳ್ಳುವ ಕಂಟ್ರೋಲರ್. ಹೀಗೆ ಪಟ್ಟಿ ಬೆಳೆಯುತ್ತದೆ. ಅಷ್ಟರಲ್ಲಿ ಮೆಷಿನ್ ಬೆಲೆಯ ಅರ್ಧ ಹತ್ತಿರ ಬಂದಿರುತ್ತೀರಿ, ಕೈಯಲ್ಲಿ ಮೆಷಿನ್ ಮಾತ್ರ ಇಲ್ಲ.

ಪಾತ್ರೆಯ ಬಗ್ಗೆ ಗಟ್ಟಿಯಾಗೇ ಹೇಳುತ್ತೇನೆ. 25 ಸೆಂಟಿಮೀಟರ್ ಅಗಲದ ಮುಚ್ಚಳದ ಮೇಲೆ, ಒಳಗೆ ಗಾಳಿ ತೆಗೆದಾಗ, ಸುಮಾರು 500 ಕಿಲೋ ಭಾರ ಕೂರುತ್ತದೆ. ಅರ್ಧ ಟನ್. ಪ್ರೆಷರ್ ಕುಕ್ಕರ್ ಒಳಗಿನ ಒತ್ತಡ ತಡೆಯಲು ಮಾಡಿದ್ದು, ಹೊರಗಿನದನ್ನಲ್ಲ. ಗಾಜಿನ ಜಾಡಿ, ತೆಳು ಅಕ್ರಿಲಿಕ್, ಪ್ಲಾಸ್ಟಿಕ್ ಡಬ್ಬಿ ಒಳಕ್ಕೆ ಕುಸಿದರೆ ಚೂರುಗಳು ಮುಖಕ್ಕೆ ಬರುತ್ತವೆ. ವ್ಯಾಕ್ಯೂಮಿಗೆಂದೇ ಮಾಡಿದ ದಪ್ಪ ಪಾತ್ರೆ ಇಲ್ಲದೆ ಇದಕ್ಕೆ ಕೈ ಹಾಕಬೇಡಿ.

ಮಾಡಲೇಬಾರದು ಅಂತಲ್ಲ. ಮಾಡಿ ಗೆದ್ದವರಿದ್ದಾರೆ. ಅವರಿಗೆ ರೆಫ್ರಿಜರೇಶನ್ ಕೆಲಸ ಗೊತ್ತಿತ್ತು, ಹಳೆಯ ಕಂಪ್ರೆಸರ್ ಮನೆಯಲ್ಲೇ ಬಿದ್ದಿತ್ತು, ಮತ್ತು ಅವರಿಗೆ ಹಣ್ಣಿಗಿಂತ ಮೆಷಿನ್ ಕಟ್ಟುವುದೇ ಖುಷಿ. ನಿಮಗೂ ಹಾಗಾದರೆ ಖಂಡಿತ ಮಾಡಿ. ದುಡ್ಡು ಉಳಿಸುವುದಕ್ಕೆ ಅಂತ ಮಾತ್ರ ಬೇಡ.

ಮನೆಗೆ ಬರುವ ಮೆಷಿನ್

ಮನೆ ಬಳಕೆಯ ಫ್ರೀಜ್ ಡ್ರೈಯರ್ ಮೇಲೆ ಹೇಳಿದ ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ತುಂಬಿಸಿದ್ದು. ತಂಪು, ಪಂಪ್, ಬಿಸಿ, ಆವಿ ಹಿಡಿಯುವ ಗೋಡೆ. ಹಾರ್ವೆಸ್ಟ್ ರೈಟ್ ಹೆಸರು ಈ ಬಗೆಯಲ್ಲಿ ಹೆಚ್ಚು ಕೇಳಿಬರುತ್ತದೆ, ಬೇರೆ ಕಂಪನಿಗಳೂ ಈಗ ಇವೆ. ಬೆಲೆ ಒಳ್ಳೆಯ ಡಿಹೈಡ್ರೇಟರಿನ ಹಲವು ಪಟ್ಟು. ಆದರೆ ಕೊಳ್ಳುವ ಬೆಲೆಗಿಂತ ಓಡಿಸುವ ಖರ್ಚನ್ನು ಜನ ಮರೆಯುತ್ತಾರೆ.

ಒಂದು ಬ್ಯಾಚಿಗೆ 20ರಿಂದ 40 ಗಂಟೆ ಹಿಡಿಯುತ್ತದೆ, ರಸಭರಿತ ಹಣ್ಣಾದರೆ ಇನ್ನೂ ಜಾಸ್ತಿ. ಒಂದು ಕಿಲೋ ಐಸನ್ನು ಆವಿ ಮಾಡಲು ಬೇಕಾದ ಶಕ್ತಿ ಹೆಚ್ಚೂ ಕಡಿಮೆ 0.8 ಯೂನಿಟ್ ಕರೆಂಟ್ ಮಾತ್ರ. ಆದರೆ ಕಂಪ್ರೆಸರ್, ಪಂಪ್ ಎರಡೂ ದಿನವಿಡೀ ಓಡಬೇಕು. ಸರಾಸರಿ 1 ಕಿಲೋವ್ಯಾಟ್ ಎಳೆಯುತ್ತದೆ ಅಂದುಕೊಂಡರೆ 30 ಗಂಟೆಗೆ 30 ಯೂನಿಟ್. ನೀವು ನೋಡುತ್ತಿರುವ ಮಾದರಿಯ ವ್ಯಾಟ್ ಎಷ್ಟು ನೋಡಿ, ನಿಮ್ಮ ಯೂನಿಟ್ ದರದಿಂದ ಗುಣಿಸಿ. ಎಣ್ಣೆ ಪಂಪ್ ಇದ್ದರೆ ಕೆಲವು ಬ್ಯಾಚಿಗೊಮ್ಮೆ ಎಣ್ಣೆ ಸೋಸುವುದು, ಬದಲಿಸುವುದು ಇದ್ದೇ ಇದೆ. ಎಣ್ಣೆ ಇಲ್ಲದ ಪಂಪ್ ಆ ರಗಳೆ ತಪ್ಪಿಸುತ್ತದೆ, ಬೆಲೆ ಏರಿಸುತ್ತದೆ. ಪ್ರತಿ ಬ್ಯಾಚ್ ಮುಗಿದ ಮೇಲೆ ಒಳಗೆ ಕಟ್ಟಿದ ಐಸ್ ಕರಗಿಸಬೇಕು. ಸದ್ದೂ ಇದೆ. ಮಲಗುವ ಕೋಣೆಯ ಪಕ್ಕ ಇಡುವ ಸಾಮಾನಲ್ಲ.

ಲಾಭವೋ ನಷ್ಟವೋ ನೋಡಲು ಒಂದು ಸುಲಭ ಲೆಕ್ಕ. ಮೆಷಿನ್ ಐದು ವರ್ಷ ಬಾಳುತ್ತದೆ ಅಂದುಕೊಳ್ಳಿ. ವಾರಕ್ಕೊಂದು ಬ್ಯಾಚ್ ಆದರೆ 260 ಬ್ಯಾಚ್. ತಿಂಗಳಿಗೊಂದಾದರೆ 60. ಮೆಷಿನ್ ಬೆಲೆಯನ್ನು ಅದರಿಂದ ಭಾಗಿಸಿ, ಒಂದು ಬ್ಯಾಚಿನ ಕರೆಂಟ್, ಎಣ್ಣೆ, ಚೀಲ, ಹಣ್ಣಿನ ದುಡ್ಡು ಸೇರಿಸಿ. ಅಷ್ಟೇ ಒಣ ಪದಾರ್ಥವನ್ನು ಅಂಗಡಿಯಿಂದ ತಂದರೆ ಎಷ್ಟಾಗುತ್ತದೆ ಅಂತ ಪಕ್ಕದಲ್ಲಿ ಬರೆಯಿರಿ. ಈ ಲೆಕ್ಕ ಮಾಡುವಾಗ ಎಲ್ಲರೂ ವಾರಕ್ಕೊಂದು ಅಂತಲೇ ಬರೆಯುತ್ತಾರೆ. ಮನೆಯಲ್ಲಿ ಜ್ಯೂಸರ್, ಬ್ರೆಡ್ ಮೆಷಿನ್ ಎಷ್ಟು ಸಲ ಓಡಿತು ಅಂತ ನೆನಪಿಸಿಕೊಂಡು ಬರೆಯಿರಿ.

ತೋಟ ಇದ್ದು ಒಮ್ಮೆಲೇ ರಾಶಿ ಹಣ್ಣು ಬರುವವರಿಗೆ, ದೊಡ್ಡ ಕುಟುಂಬಕ್ಕೆ, ಮೂರು ನಾಲ್ಕು ಮನೆಯವರು ಸೇರಿ ಕೊಳ್ಳುವುದಾದರೆ ಮೆಷಿನ್ ಹೊರೆಯಾಗುವುದಿಲ್ಲ. ಹಂಚಿಕೊಳ್ಳುವುದೇ ನನಗೆ ಕಂಡ ಅತ್ಯುತ್ತಮ ಉಳಿತಾಯ. ಒಂದೇ ಷರತ್ತು, ಎಣ್ಣೆ ಬದಲಿಸುವವರು ಯಾರು ಅಂತ ಮೊದಲೇ ತೀರ್ಮಾನ ಆಗಿರಲಿ. ಗೆಳೆತನ ಕೆಡುವುದು ಆ ಎಣ್ಣೆಯಲ್ಲೇ.

ಸೆಕೆಂಡ್ ಹ್ಯಾಂಡ್ ಸಿಕ್ಕರೆ ಖಾಲಿ ಓಡಿಸಿ ನೋಡದೆ ಹಣ ಕೊಡಬೇಡಿ. ಒತ್ತಡ 0.7 ಮಿಲಿಬಾರ್ ಆಸುಪಾಸಿಗೆ, ಅಂದರೆ ಮೆಷಿನ್ ಪರದೆಯಲ್ಲಿ 500 ಮಿಲಿಟಾರ್ ಸುತ್ತಮುತ್ತ, ಇಳಿದು ಅಲ್ಲೇ ನಿಲ್ಲಬೇಕು. ಬಾಗಿಲಿನ ರಬ್ಬರ್ ಸೀಳಿರಬಾರದು. ಪಂಪಿನ ಎಣ್ಣೆ ಸ್ವಚ್ಛವಾಗಿರಬೇಕು. ಇನ್ನೊಂದು ಮಾತು. ಪ್ರಯೋಗಾಲಯಗಳ ಹಳೆಯ ಫ್ರೀಜ್ ಡ್ರೈಯರ್ ಕೆಲವೊಮ್ಮೆ ಸಿಕ್ಕಾಪಟ್ಟೆ ಅಗ್ಗಕ್ಕೆ ಬರುತ್ತವೆ. ಆಸೆಯಾಗುತ್ತದೆ. ಅದರೊಳಗೆ ಏನು ಒಣಗಿಸಿದ್ದರೋ ಯಾರಿಗೆ ಗೊತ್ತು? ರಾಸಾಯನಿಕವೋ, ರೋಗಾಣುವೋ. ತಿನ್ನುವ ಪದಾರ್ಥಕ್ಕೆ ಅದು ಬೇಡ.

ಡಿಹೈಡ್ರೇಟರ್, ಓವನ್, ಬಿಸಿಲು

ಕಡಿಮೆ ದುಡ್ಡಿನಲ್ಲಿ ಒಣಗಿಸುವುದೇ ಗುರಿಯಾದರೆ ನನ್ನ ಮತ ಡಿಹೈಡ್ರೇಟರಿಗೆ. 500 ವ್ಯಾಟಿನದು 10 ಗಂಟೆ ಓಡಿದರೆ ಹೆಚ್ಚೆಂದರೆ 5 ಯೂನಿಟ್. ಬಿಸಿ ನಡುನಡುವೆ ತಾನಾಗಿ ನಿಲ್ಲುವುದರಿಂದ ಅಷ್ಟೂ ಆಗುವುದಿಲ್ಲ. ಕೊಳ್ಳುವಾಗ ಉಷ್ಣತೆ ಹೊಂದಿಸುವ ಗುಂಡಿ ಇದೆಯಾ, ಫ್ಯಾನ್ ಹಿಂದುಗಡೆ ಇದೆಯಾ ನೋಡಿ. ಫ್ಯಾನ್ ತಳದಲ್ಲಿದ್ದರೆ ಕೆಳಗಿನ ಟ್ರೇ ಬೇಗ ಒಣಗುತ್ತದೆ, ಮೇಲಿನದು ಹಸಿ ಉಳಿಯುತ್ತದೆ, ನೀವು ರಾತ್ರಿ ಎದ್ದು ಟ್ರೇ ಅದಲು ಬದಲು ಮಾಡಬೇಕು.

ಹಣ್ಣು ತರಕಾರಿಗೆ 57 ಡಿಗ್ರಿ, ಸೊಪ್ಪಿಗೆ 35 ಡಿಗ್ರಿ ಸುತ್ತಮುತ್ತ. ಬೇಗ ಆಗಲಿ ಅಂತ ಬಿಸಿ ಏರಿಸಿದರೆ ಹೊರಗೆ ಗಟ್ಟಿ ಪದರ ಕಟ್ಟಿ ಒಳಗೆ ನೀರು ಉಳಿದು, ತಿಂಗಳೊಳಗೆ ಬೂಷ್ಟು ಬರುತ್ತದೆ. ಹಣ್ಣು ಒಣಗಿ ತಣ್ಣಗಾದ ಮೇಲೆ ಜಾಡಿಯಲ್ಲಿ ಮೂರರಲ್ಲಿ ಎರಡು ಭಾಗ ತುಂಬಿ, ಏಳರಿಂದ ಹತ್ತು ದಿನ ದಿನಾ ಅಲ್ಲಾಡಿಸಿ. ಒಳಗೆ ಉಳಿದ ತೇವ ಎಲ್ಲ ಹೋಳಿಗೂ ಸಮನಾಗಿ ಹಂಚಿಹೋಗುತ್ತದೆ. ಜಾಡಿಯ ಗಾಜಿನ ಮೇಲೆ ಬೆವರು ಕಂಡರೆ ಮತ್ತೆ ಒಣಗಿಸಬೇಕು.

ಒಂದು ಉಪಾಯ ಮಾತ್ರ ನನಗೆ ತುಂಬಾ ಇಷ್ಟ. ಮೊದಲು ಫ್ರೀಜ್ ಮಾಡಿ, ಆಮೇಲೆ ಡಿಹೈಡ್ರೇಟರಿಗೆ ಹಾಕುವುದು. ಐಸಿನ ಹರಳುಗಳು ಒಳಗಿನ ಗೋಡೆಗಳನ್ನು ಒಡೆಯುವುದರಿಂದ ನೀರು ಸುಲಭವಾಗಿ ಹೊರಬರುತ್ತದೆ. ಚೀಲದಲ್ಲಿ ಸಿಗುವ ಫ್ರೋಜನ್ ಬಟಾಣಿ, ಜೋಳ, ಬೀನ್ಸ್ ಇನ್ನೂ ಸುಲಭ. ತೊಳೆದು, ಹೆಚ್ಚಿ, ಬಿಸಿನೀರಿನಲ್ಲಿ ಅದ್ದಿ ತೆಗೆದದ್ದೇ ಇರುತ್ತದೆ. ಚೀಲ ಕತ್ತರಿಸಿ ಟ್ರೇಗೆ ಸುರಿದರೆ ಆಯಿತು. ಇದು ಫ್ರೀಜ್ ಡ್ರೈ ಅಲ್ಲ, ಗರಿಗರಿಯೂ ಬರುವುದಿಲ್ಲ. ಸೂಪಿಗೆ ಹಾಕಿದಾಗ ಯಾರೂ ಕೇಳುವುದಿಲ್ಲ.

ಓವನ್ ಇದ್ದರೆ ಬಳಸಬಹುದು, ಆದರೆ ಎಷ್ಟೋ ಓವನ್ನುಗಳು 60 ಡಿಗ್ರಿಗೆ ಇಳಿಯುವುದೇ ಇಲ್ಲ. ಬಾಗಿಲು ಓರೆ ಮಾಡಿಟ್ಟು ಒಣಗಿಸಿದರೆ ಕರೆಂಟೂ ಪೋಲು, ಮನೆಯೂ ಕಾದ ಕಾವಲಿ. ಬಿಸಿಲು ಪುಕ್ಕಟೆ. 30 ಡಿಗ್ರಿಗಿಂತ ಹೆಚ್ಚು ಬಿಸಿ, ಗಾಳಿಯಲ್ಲಿ ತೇವ ಶೇಕಡಾ 60ಕ್ಕಿಂತ ಕಡಿಮೆ ಇರುವ ದಿನಗಳು ಸತತವಾಗಿ ಸಿಕ್ಕರೆ ಹಣ್ಣಿಗೆ ಚೆನ್ನಾಗಿ ಆಗುತ್ತದೆ. ಮಾಂಸಕ್ಕೆ ಬಿಸಿಲಿನ ಭರವಸೆ ಬೇಡ.

ಯಾವುದು ಒಣಗುವುದಿಲ್ಲ, ಯಾವುದು ಸಾಯುವುದಿಲ್ಲ

ಎಣ್ಣೆ, ಬೆಣ್ಣೆ, ಜೇನು, ಜಾಮ್, ಚಾಕೊಲೇಟ್ ಇವು ಯಾವ ಮೆಷಿನ್ನಿಗೂ ಬಗ್ಗುವುದಿಲ್ಲ. ಕೊಬ್ಬಿನಲ್ಲಿ ತೆಗೆಯಲು ನೀರೇ ಇಲ್ಲ, ಸಕ್ಕರೆ ನೀರನ್ನು ಬಿಡುವುದಿಲ್ಲ. ಕೊಬ್ಬು ಹೆಚ್ಚಿರುವ ಮಾಂಸ ಒಣಗಿದರೂ ಬೇಗ ಕಮಟು ವಾಸನೆ ಬರುತ್ತದೆ. ದ್ರಾಕ್ಷಿಯಂಥ ಸಿಪ್ಪೆ ಇರುವವನ್ನು ಚುಚ್ಚಿಯೋ ಸೀಳಿಯೋ ಹಾಕಬೇಕು, ಇಲ್ಲದಿದ್ದರೆ ಆವಿಗೆ ದಾರಿ ಇಲ್ಲ.

ಇನ್ನು ಆರೋಗ್ಯದ ಮಾತು. ಫ್ರೀಜ್ ಡ್ರೈ ರೋಗಾಣುಗಳನ್ನು ಕೊಲ್ಲುವುದಿಲ್ಲ, ಮಲಗಿಸುತ್ತದೆ. ನೀರು ಬಿದ್ದ ಕೂಡಲೇ ಎದ್ದು ಕೂರುತ್ತವೆ. ಹಸಿ ಮೊಟ್ಟೆಯನ್ನು ಒಣಗಿಸಿ ಪುಡಿ ಮಾಡಿದರೂ ಅದು ಹಸಿ ಮೊಟ್ಟೆಯೇ, ಬೇಯಿಸಿಯೇ ತಿನ್ನಬೇಕು. ಹಸಿ ಮಾಂಸವೂ ಹಾಗೇ. ಡಿಹೈಡ್ರೇಟರಿನಲ್ಲಿ ಮಾಂಸ ಒಣಗಿಸುವುದಾದರೆ ಮೊದಲು ಒಳಗಿನವರೆಗೆ 71 ಡಿಗ್ರಿ, ಕೋಳಿಯಾದರೆ 74 ಡಿಗ್ರಿ ಬಿಸಿ ತಾಗಲಿ.

ಒಣಗಿಸಿದ ಮೇಲೆ

ಎಷ್ಟೋ ಜನ ಮೆಷಿನ್ನಿಗೆ ಸುರಿದ ದುಡ್ಡನ್ನು ತೆಳು ಪ್ಲಾಸ್ಟಿಕ್ ಚೀಲದಲ್ಲಿ ಕಳೆದುಕೊಳ್ಳುತ್ತಾರೆ. ಫ್ರೀಜ್ ಡ್ರೈ ಆದ ಹೋಳು ಸ್ಪಂಜಿನ ಹಾಗೆ, ಗಾಳಿಯ ತೇವವನ್ನು ಬೇಗ ಬೇಗ ಎಳೆದುಕೊಳ್ಳುತ್ತದೆ. ಜಿಪ್ ಚೀಲ ತೇವವನ್ನೂ ಆಕ್ಸಿಜನ್ನನ್ನೂ ನಿಧಾನವಾಗಿ ಒಳಗೆ ಬಿಡುತ್ತದೆ, ಒಂದೆರಡು ವಾರಕ್ಕೆ ಮಾತ್ರ ಸರಿ. ತಿಂಗಳುಗಟ್ಟಲೆ ಇಡಲು ಗಟ್ಟಿ ಮುಚ್ಚಳದ ಗಾಜಿನ ಜಾಡಿ, ವರ್ಷಗಟ್ಟಲೆ ಇಡಲು ಅಲ್ಯುಮಿನಿಯಂ ಪದರದ ಮೈಲಾರ್ ಚೀಲ.

ಮೈಲಾರ್ ಚೀಲದೊಳಗೆ ಆಕ್ಸಿಜನ್ ಅಬ್ಸಾರ್ಬರ್ ಪೊಟ್ಟಣ ಹಾಕುತ್ತಾರೆ. ಅದರಲ್ಲಿರುವುದು ಕಬ್ಬಿಣದ ಪುಡಿ, ತುಕ್ಕು ಹಿಡಿಯುತ್ತಾ ಆಕ್ಸಿಜನ್ ತಿಂದುಹಾಕುತ್ತದೆ. ತುಕ್ಕಿಗೆ ಸ್ವಲ್ಪ ತೇವ ಬೇಕು, ಹಾಗಾಗಿ ಪಕ್ಕದಲ್ಲೇ ಸಿಲಿಕಾ ಜೆಲ್ ಇಟ್ಟರೆ ಎರಡೂ ಜಗಳ ಆಡುತ್ತವೆ. ಯಾವುದಾದರೂ ಒಂದು ಸಾಕು. ಶೇಕಡಾ 10ಕ್ಕಿಂತ ಹೆಚ್ಚು ತೇವ ಇರುವ ಪದಾರ್ಥಕ್ಕೆ ಮಾತ್ರ ಈ ಪೊಟ್ಟಣ ಹಾಕಲೇಬಾರದು. ಆಕ್ಸಿಜನ್ ಇಲ್ಲದ, ತೇವ ಇರುವ ಜಾಗ ಬಾಟ್ಯುಲಿಸಂ ವಿಷ ಹುಟ್ಟಿಸುವ ಬ್ಯಾಕ್ಟೀರಿಯಾಕ್ಕೆ ತವರುಮನೆ. ಮೆತ್ತಗಿರುವ ಒಣ ಹಣ್ಣಿಗೆ ಗಾಜಿನ ಜಾಡಿಯೇ ಕ್ಷೇಮ.

ಪೂರ್ತಿ ಒಣಗಿದೆಯೋ ಇಲ್ಲವೋ ತಿಳಿಯಲು ತಕ್ಕಡಿಯೇ ಸಾಕು. ಟ್ರೇ ತೂಗಿ, ಮತ್ತೆ ಎರಡು ಗಂಟೆ ಒಣಗಿಸಿ, ಮತ್ತೆ ತೂಗಿ. ತೂಕ ಇಳಿಯದಿದ್ದರೆ ಆಗಿದೆ. ದಪ್ಪ ಹೋಳೊಂದನ್ನು ನಡುವೆ ಮುರಿದು ಬೆರಳಿಟ್ಟು ನೋಡಿ, ತಣ್ಣಗೆ ಅನ್ನಿಸಿದರೆ ಒಳಗೆ ಐಸ್ ಇದೆ. ಆಗಿದ್ದರೆ ತಡ ಮಾಡದೆ ತುಂಬಿಸಿ. ಮಳೆ ಹಿಡಿದ ದಿನ ಒಂದು ಟ್ರೇ ಸ್ಟ್ರಾಬೆರಿಯನ್ನು ಮೇಜಿನ ಮೇಲಿಟ್ಟು ಫೋನ್ ಎತ್ತಿದ್ದೆ. ಮಾತು ಮುಗಿಸಿ ಬಂದಾಗ ಅದು ಗರಿಗರಿ ಬಿಟ್ಟು ಹತ್ತಿಯ ಹಾಗೆ ಮೆತ್ತಗಾಗಿತ್ತು. ಮತ್ತೆ ಮೆಷಿನ್ನಿಗೆ, ಮತ್ತೆ ಆರು ಗಂಟೆ.